ಯಾರ ಕರುಳಿನ ಕ್ಯಾನ್ಸರ್ ಅದು, ಫ್ಲಾಸ್ಕಿನಲ್ಲಿ ಬೆಳೆಯುವುದು?

ಹೋದ ಸಂಚಿಕೆಯಲ್ಲಿ ಲ್ಯಾಬ್‌ನಲ್ಲಿ ಬೆಳೆಸುವ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳ ಬಗ್ಗೆ ಎರಡು ಮಾತು ಬರೆದಿದ್ದೆ. ಅದಕ್ಕೆ ಬಂದಷ್ಟು ಪತ್ರ ಈ ಅಂಕಣಕ್ಕೆ ಬೇರೆ ಯಾವಾಗಲೂ ಬಂದಿಲ್ಲ. ಅರ್ಧ ವಿದ್ಯಾರ್ಥಿಗಳದ್ದು, ಅರ್ಧ ಅವರ ಮನೆಯವರದ್ದು. ನಾನು ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದೇರಳಕಟ್ಟೆ ಕಡೆಯ ಒಂದು ಲ್ಯಾಬ್‌ನಲ್ಲಿ ಸೆಲ್ ಕಲ್ಚರ್ ಕೋಣೆ ನೋಡಿಕೊಳ್ಳುವವಳು. ಕೋಶಗಳಿಗೆ ಮೀಡಿಯಾ (ಅವು ಬೆಳೆಯುವ ಪೋಷಕ ದ್ರವ) ಬದಲಾಯಿಸುವುದು, ಸತ್ತರೆ ಯಾಕೆ ಸತ್ತವು ಎಂದು ಹುಡುಕುವುದು, ಕೈಗವಸು ಹಾಕದ ಹುಡುಗರಿಗೆ ಬೈಯುವುದು ನನ್ನ ಕೆಲಸ.

ಪ್ರಶ್ನೆ: ನನ್ನ ತಂಗಿಯ ಮಗಳು ಮಣಿಪಾಲದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. "ಮಾವ, ನಾನು ಕ್ಯಾನ್ಸರ್ ಬೆಳೆಸುತ್ತೇನೆ" ಅನ್ನುತ್ತಾಳೆ. ಯಾರ ಕ್ಯಾನ್ಸರ್ ಅದು? ಇಲ್ಲಿನ ಆಸ್ಪತ್ರೆಯ ರೋಗಿಗಳದ್ದಾ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಉಡುಪಿ

ಉತ್ತರ: ಹೆಚ್ಚಾಗಿ ಅಲ್ಲ. ನಿಮ್ಮ ಸೊಸೆಯ ಫ್ಲಾಸ್ಕಿನಲ್ಲಿ ಇರುವವರು ಬಹುಶಃ ಈ ಊರನ್ನು ಕಂಡವರೇ ಅಲ್ಲ. ಎಚ್‌ಟಿ-29 ಎಂಬ ಸೆಲ್ ಲೈನ್, ಅಂದರೆ ಒಬ್ಬರ ಕೋಶದಿಂದ ಶುರುವಾಗಿ ಲ್ಯಾಬ್‌ಗಳಲ್ಲಿ ಬೆಳೆಯುತ್ತಲೇ ಇರುವ ಕೋಶಗಳ ವಂಶ, ಉಂಟು. 44 ವರ್ಷದ ಒಬ್ಬ ಹೆಂಗಸಿನ ಕರುಳಿನ ಗಡ್ಡೆಯಿಂದ 1964ರಲ್ಲಿ ಯೋರ್ಗನ್ ಫೋಗ್ ಎಂಬ ವಿಜ್ಞಾನಿ ಬೆಳೆಸಿದ್ದು. ಕ್ಯಾಕೋ-2 ಅನ್ನುವುದು 72 ವರ್ಷದ ಒಬ್ಬ ಗಂಡಸಿನದ್ದು. ಎಸ್‌ಡಬ್ಲ್ಯೂ-480 ಮತ್ತು ಎಸ್‌ಡಬ್ಲ್ಯೂ-620 ಎರಡೂ ಒಬ್ಬನೇ ಮನುಷ್ಯನವು. ಮೊದಲನೆಯದು ಕರುಳಿನ ಮೂಲ ಗಡ್ಡೆಯಿಂದ ಬಂದದ್ದು, ಎರಡನೆಯದು ರೋಗ ಹರಡಿದ ಮೇಲೆ ಅವನ ದುಗ್ಧಗ್ರಂಥಿಯಿಂದ ತೆಗೆದದ್ದು. ಅದಕ್ಕೇ ಈ ಜೋಡಿಗೆ ಬೆಲೆ ಜಾಸ್ತಿ. ಒಂದೇ ದೇಹದಲ್ಲಿ ಕ್ಯಾನ್ಸರ್ ಮೊದಲು ಹೇಗಿತ್ತು, ಹರಡಿದ ಮೇಲೆ ಹೇಗಾಯಿತು ಎಂದು ಅಕ್ಕಪಕ್ಕ ಇಟ್ಟು ನೋಡಬಹುದು.

ಇವರ ಹೆಸರು ನಮ್ಮ ಯಾವ ಕಾಗದದಲ್ಲೂ ಇಲ್ಲ. ವಯಸ್ಸು, ಗಂಡೋ ಹೆಣ್ಣೋ, ಗಡ್ಡೆ ಎಲ್ಲಿತ್ತು, ಅಷ್ಟೇ. ಈಗ ರೋಗಿಯ ಒಪ್ಪಿಗೆ ಪತ್ರ, ನೈತಿಕ ಸಮಿತಿಯ ಅನುಮತಿ ಇಲ್ಲದೆ ಒಂದು ಚೂರು ಗಡ್ಡೆಯನ್ನೂ ಮುಟ್ಟುವ ಹಾಗಿಲ್ಲ. ಹಿಂದೆ ಹಾಗಿರಲಿಲ್ಲ. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬವರ ಗರ್ಭಕೊರಳಿನ ಗಡ್ಡೆಯಿಂದ ಹೀಲಾ ಕೋಶಗಳನ್ನು ಬೆಳೆಸಿದಾಗ ಅವರನ್ನು ಯಾರೂ ಕೇಳಲಿಲ್ಲ. ನಿಮ್ಮ ಸೊಸೆಗೆ ಈ ಕಥೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ನೀವೇ ಹೇಳಿ.

ಆ ಜನ ತೀರಿಹೋದರೂ ಕೋಶ ಹೇಗೆ ಬದುಕಿದೆ ಎಂದರೆ, ಮಾಮೂಲಿ ಕೋಶಗಳು ಇಷ್ಟು ಸಲ ಅಂತ ಒಡೆದು ನಿಂತುಬಿಡುತ್ತವೆ. ಇವಕ್ಕೆ ಆ ಕಡಿವಾಣ ತಪ್ಪಿದೆ. ಎಚ್‌ಟಿ-29 ಸುಮಾರು ಒಂದು ದಿನಕ್ಕೆ ಎರಡು ಪಟ್ಟಾಗುತ್ತದೆ.

ಪ್ರಶ್ನೆ: ಮಗಳು ಇಡೀ ದಿನ ಕ್ಯಾನ್ಸರ್ ಕೋಶದೊಂದಿಗೆ ಕೆಲಸ ಮಾಡಿ ಬಂದು ಪುಟ್ಟ ಮಗುವನ್ನು ಎತ್ತಿಕೊಳ್ಳುತ್ತಾಳೆ. ಅಂಟುವುದಿಲ್ಲವಾ?
— ಒಬ್ಬ ತಾಯಿ, ಬ್ರಹ್ಮಾವರ

ಉತ್ತರ: ಇಲ್ಲಮ್ಮ. ಫ್ಲಾಸ್ಕಿನಿಂದ ಹೊರಗೆ ಬಿದ್ದ ಕೋಶ ಒಣಗಿ ಸಾಯುತ್ತದೆ. ಒಂದು ವೇಳೆ ಮೈಯೊಳಗೆ ಹೋದರೂ ಅದು ಬೇರೆಯವರ ಕೋಶ. ನಮ್ಮ ದೇಹ ಅದನ್ನು ಪರಕೀಯ ಎಂದು ಗುರುತಿಸಿ ಕೊಲ್ಲುತ್ತದೆ. ಆದರೆ ಒಂದು ಎಚ್ಚರಿಕೆ ನಮ್ಮಲ್ಲಿ ಎಲ್ಲರಿಗೂ ಹೇಳುತ್ತೇನೆ. ಕರುಳಿನ ಕ್ಯಾನ್ಸರ್ ಕೋಶ ತುಂಬಿದ ಸೂಜಿ ಲ್ಯಾಬ್ ಕೆಲಸಗಾರರೊಬ್ಬರ ಕೈಗೆ ಚುಚ್ಚಿ, ಅಲ್ಲಿ ಸಣ್ಣ ಗಂಟು ಬೆಳೆದ ಒಂದು ಪ್ರಕರಣ 1986ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅಚ್ಚಾಗಿತ್ತು. ಬಹಳ ಅಪರೂಪ. ಆದರೂ ಕಲ್ಚರ್ ಕೋಣೆಯೊಳಗೆ ಸೂಜಿ ತರಲು ನಾನು ಬಿಡುವುದಿಲ್ಲ, ಪಿಪೆಟ್ ಸಾಕು. ಮಗಳು ಕೈ ತೊಳೆದು ಮಗುವನ್ನು ಎತ್ತಿಕೊಳ್ಳಲಿ. ಲ್ಯಾಬ್ ಕೋಟನ್ನು ಮಾತ್ರ ಮನೆಗೆ ತಂದು ಒಗೆಯುವುದು ಬೇಡ.

ಪ್ರಶ್ನೆ: ಅಕ್ಕ, ಎಸ್‌ಡಬ್ಲ್ಯೂ-480 ತರಿಸಿ ಎಲ್-15 ಮೀಡಿಯಾದಲ್ಲಿ ಹಾಕಿದೆ. ಮರುದಿನ ಬೆಳಿಗ್ಗೆಗೆ ಮೀಡಿಯಾ ಹಳದಿ. ಬದಲಾಯಿಸಿದೆ, ಮತ್ತೆ ಹಳದಿ. ಬ್ಯಾಕ್ಟೀರಿಯಾ ಕಾಣುವುದಿಲ್ಲ. ಮೀಡಿಯಾ ಹೊಸತು, ಸೀರಂ ಹೊಸತು. ಅದೇ ಇನ್ಕ್ಯುಬೇಟರ್‌ನಲ್ಲಿ ಪಕ್ಕದಲ್ಲೇ ಇರುವ ಎಚ್‌ಟಿ-29 ಚೆನ್ನಾಗಿ ಉಂಟು. ಎಂತ ಮಾಡುವುದು?
— ಎಂ.ಎಸ್ಸಿ. ವಿದ್ಯಾರ್ಥಿನಿ, ಕೊಣಾಜೆ

ಉತ್ತರ: ಉತ್ತರ ನಿನ್ನ ಪತ್ರದಲ್ಲೇ ಉಂಟು ಮಾರಾಯ್ತಿ. ಪಕ್ಕದಲ್ಲಿ ಎಚ್‌ಟಿ-29 ಇದೆ ಎಂದರೆ ಅದು 5% ಕಾರ್ಬನ್ ಡೈಆಕ್ಸೈಡ್ ಬಿಡುವ ಇನ್ಕ್ಯುಬೇಟರ್. ಎಲ್-15ಕ್ಕೆ ಆ ಗ್ಯಾಸ್ ಆಗುವುದಿಲ್ಲ.

ನಾವು ದಿನಾ ಬಳಸುವ ಮೀಡಿಯಾಗಳಲ್ಲಿ, ಎಚ್‌ಟಿ-29ಕ್ಕೆ ಹಾಕುವ ಮೆಕಾಯ್ಸ್ 5ಎ ಕೂಡ ಸೇರಿ, ಸೋಡಿಯಂ ಬೈಕಾರ್ಬೊನೇಟ್ ಇರುತ್ತದೆ. ಆ ಬೈಕಾರ್ಬೊನೇಟ್ ಮತ್ತು ಇನ್ಕ್ಯುಬೇಟರ್‌ನ ಗ್ಯಾಸ್ ಎರಡೂ ಸೇರಿ ಪಿಎಚ್ ಅನ್ನು, ಅಂದರೆ ಹುಳಿಯ ಅಳತೆಯನ್ನು, 7.4ರ ಹತ್ತಿರ ಹಿಡಿದಿಡುತ್ತವೆ. ಎಲ್-15ರಲ್ಲಿ ಬೈಕಾರ್ಬೊನೇಟೇ ಇಲ್ಲ. ಅದರ ಬದಲು ಫಾಸ್ಫೇಟ್ ಮತ್ತು ಅಮೈನೋ ಆಮ್ಲಗಳು ಆ ಕೆಲಸ ಮಾಡುತ್ತವೆ. ಗ್ಲುಕೋಸ್ ಜಾಗದಲ್ಲಿ ಗ್ಯಾಲಕ್ಟೋಸ್ ಹಾಕಿರುತ್ತಾರೆ, ಕೋಶಗಳು ಆಮ್ಲ ಕಡಿಮೆ ಬಿಡಲಿ ಎಂದು. ಸಾಮಾನ್ಯ ಗಾಳಿಯಲ್ಲೇ ಕೋಶ ಬೆಳೆಯಬೇಕು ಎಂದು ಆಲ್ಬರ್ಟ್ ಲೀಬೊವಿಟ್ಜ್ 1963ರಲ್ಲಿ ಮಾಡಿದ ಮೀಡಿಯಾ ಅದು. ಅದನ್ನು ತೆಗೆದುಕೊಂಡು ಹೋಗಿ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಇಟ್ಟರೆ ಗ್ಯಾಸ್ ಕರಗಿ ಹುಳಿಯಾಗುತ್ತದೆ, ಮೀಡಿಯಾದಲ್ಲಿರುವ ಫೀನಾಲ್ ರೆಡ್ ಎಂಬ ಬಣ್ಣ ಹಳದಿಗೆ ತಿರುಗುತ್ತದೆ. ಬ್ಯಾಕ್ಟೀರಿಯಾ ಬಂದಿದ್ದರೆ ಮೀಡಿಯಾ ಕದಡಿರುತ್ತಿತ್ತು. ನಿನ್ನದು ತಿಳಿಯಾಗಿಯೇ ಹಳದಿ, ಅಲ್ವಾ?

ಎಸ್‌ಡಬ್ಲ್ಯೂ ಕೋಶಗಳಿಗೆ ಈ ಮೀಡಿಯಾವನ್ನೇ ಯಾಕೆ ಹೇಳುತ್ತಾರೆ ಎಂದು ಎಷ್ಟೋ ಜನ ಕೇಳಿಯೇ ಇರುವುದಿಲ್ಲ. ಅದೇ ಲೀಬೊವಿಟ್ಜ್ ಟೆಕ್ಸಸ್‌ನ ಸ್ಕಾಟ್ ಆ್ಯಂಡ್ ವೈಟ್ ಕ್ಲಿನಿಕ್‌ನಲ್ಲಿದ್ದಾಗ ಕರುಳಿನ ಕ್ಯಾನ್ಸರ್‌ನ ಈ ಸೆಲ್ ಲೈನ್‌ಗಳನ್ನು ಬೆಳೆಸಿ 1976ರಲ್ಲಿ ಪ್ರಕಟಿಸಿದರು. ಎಸ್‌ಡಬ್ಲ್ಯೂ ಎಂದರೆ ಆ ಕ್ಲಿನಿಕ್. ತನ್ನ ಕೋಶಕ್ಕೆ ತನ್ನದೇ ಮೀಡಿಯಾ ಹಾಕಿದ ಮನುಷ್ಯ.

ಈಗ ಮಾಡಬೇಕಾದ್ದು: ನಿಮ್ಮ ಡಿಪಾರ್ಟ್‌ಮೆಂಟಿನಲ್ಲಿ ಗ್ಯಾಸ್ ಇಲ್ಲದ 37 ಡಿಗ್ರಿಯ ಇನ್ಕ್ಯುಬೇಟರ್ ಇದ್ದರೆ ಅದರಲ್ಲಿಡು. ಬ್ಯಾಕ್ಟೀರಿಯಾ ಬೆಳೆಸುವ ಇನ್ಕ್ಯುಬೇಟರ್ ಬೇಡವೇ ಬೇಡ. ಅದು ಸಿಗದಿದ್ದರೆ ಫಿಲ್ಟರ್ ಇಲ್ಲದ ಮುಚ್ಚಳದ ಫ್ಲಾಸ್ಕ್ ತೆಗೆದುಕೊಂಡು ಪೂರ್ತಿ ಬಿಗಿದು, ಈಗಿನ ಇನ್ಕ್ಯುಬೇಟರ್‌ನಲ್ಲೇ ಇಡಬಹುದು. ಗ್ಯಾಸ್ ಒಳಗೆ ಹೋಗದಿದ್ದರೆ ಸರಿ. ಇನ್ನೊಂದು ದಾರಿ, ಸ್ವಲ್ಪ ಸ್ವಲ್ಪವೇ ಡಿಎಂಇಎಂ ಎಂಬ ಬೈಕಾರ್ಬೊನೇಟ್ ಇರುವ ಮೀಡಿಯಾಕ್ಕೆ ಒಗ್ಗಿಸುವುದು. ಮೊದಲು ಕಾಲು ಭಾಗ ಹೊಸ ಮೀಡಿಯಾ, ಮುಂದಿನ ಪ್ಯಾಸೇಜ್‌ಗೆ (ಕೋಶಗಳನ್ನು ಹೊಸ ಫ್ಲಾಸ್ಕಿಗೆ ವರ್ಗಾಯಿಸುವಾಗ) ಅರ್ಧ, ಆಮೇಲೆ ಮುಕ್ಕಾಲು, ಹೀಗೆ. ತುಂಬಾ ಲ್ಯಾಬ್‌ಗಳು ಹಾಗೆ ಮಾಡುತ್ತವೆ. ಆದರೆ ಹಾಗೆ ಮಾಡಿದ್ದನ್ನು ಪ್ರಬಂಧದಲ್ಲಿ ಬರೆಯಲೇಬೇಕು. ಮೀಡಿಯಾ ಬದಲಾದರೆ ಕೋಶದ ನಡತೆಯೂ ಬದಲಾಗುತ್ತದೆ.

ಪ್ರಶ್ನೆ: ನಮ್ಮ ಭಾವನಿಗೆ ದೊಡ್ಡ ಕರುಳಿನ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ಪುನರ್ಪುಳಿ ಸಿಪ್ಪೆಯ ಸಾರ ಲ್ಯಾಬ್‌ನಲ್ಲಿ ಕರುಳಿನ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂದು ವಾಟ್ಸಾಪ್‌ನಲ್ಲಿ ಬಂತು. ನಮ್ಮ ಹಿತ್ತಿಲಲ್ಲೇ ಮರ ಉಂಟು. ಗಟ್ಟಿ ಕಷಾಯ ಮಾಡಿ ಕೊಡಬಹುದಾ?
— ಗೃಹಿಣಿ, ಕಾರ್ಕಳ

ಉತ್ತರ: ವಾಟ್ಸಾಪ್ ಪೂರ್ತಿ ಸುಳ್ಳು ಹೇಳಿಲ್ಲ, ಅದೇ ಕಷ್ಟ. ಪುನರ್ಪುಳಿ ಸಿಪ್ಪೆಯಲ್ಲಿ ಗಾರ್ಸಿನಾಲ್ ಎಂಬ ಅಂಶ ಉಂಟು. ಅದನ್ನು ಎಚ್‌ಟಿ-29 ಮುಂತಾದ ಕೋಶಗಳ ಮೇಲೆ ಹಾಕಿ ನೋಡಿದ್ದಾರೆ, ಕೋಶಗಳು ಸತ್ತದ್ದೂ ಹೌದು. ಆದರೆ ಫ್ಲಾಸ್ಕಿನಲ್ಲಿ ಕೋಶ ಸಾಯಿಸುವುದು ಎಷ್ಟು ಸುಲಭ ಎಂದು ನನ್ನನ್ನು ಕೇಳಿ. ಉಪ್ಪು ಜಾಸ್ತಿಯಾದರೆ ಸಾಯುತ್ತವೆ. ಹುಳಿ ಜಾಸ್ತಿಯಾದರೆ ಸಾಯುತ್ತವೆ. ಮೇಲಿನ ಹುಡುಗಿಯ ಪತ್ರ ನೋಡಿದಿರಲ್ಲ, ಬರೇ ಗಾಳಿ ಬದಲಾದರೂ ಅವಕ್ಕೆ ಆಗುವುದಿಲ್ಲ.

ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಗಿಡದ ಸಾರ ಎಂದರೆ ಪ್ರೀತಿ. ಪ್ರಾಜೆಕ್ಟ್ ಅಂದರೆ ಪುನರ್ಪುಳಿ, ಇಲ್ಲವೇ ಒಂದೆಲಗ, ಇಲ್ಲವೇ ನೋನಿ. ಸಾರ ಹಾಕಿದ ಕೂಡಲೇ ಮೀಡಿಯಾ ಗುಲಾಬಿಯಿಂದ ಹಳದಿಗೆ ಬಂದರೆ ಪ್ರಯೋಗ ಅಲ್ಲಿಗೇ ನಿಲ್ಲಿಸಿ ಎನ್ನುತ್ತೇನೆ. ಅಲ್ಲಿ ಕೊಂದದ್ದು ಔಷಧಿಯಲ್ಲ, ಹುಳಿ. ಪುನರ್ಪುಳಿಗೆ ಹುಳಿ ಎಷ್ಟು ಎಂದು ನಿಮಗೆ ನಾನು ಹೇಳಬೇಕೇ? ಮೊದಲು ಸಾರದ ಪಿಎಚ್ ಸರಿ ಮಾಡಿಕೊಳ್ಳಬೇಕು. ಸಾರವನ್ನು ಕರಗಿಸಲು ಬಳಸಿದ ಡಿಎಂಎಸ್‌ಒ ಎಷ್ಟು ಬಿತ್ತು ಎಂದು ಲೆಕ್ಕ ಹಾಕಬೇಕು. ಅದೂ ಕೊಲ್ಲುತ್ತದೆ.

ಅಳೆಯುವುದರಲ್ಲೂ ಮೋಸ ಉಂಟು. ಎಂಟಿಟಿ ಪರೀಕ್ಷೆ ಎಂದು ಒಂದಿದೆ. ಹಳದಿ ಬಣ್ಣದ ಪುಡಿಯನ್ನು ಕರಗಿಸಿ ಹಾಕುತ್ತೇವೆ, ಬದುಕಿರುವ ಕೋಶ ಅದನ್ನು ನೇರಳೆ ಹರಳು ಮಾಡುತ್ತದೆ. ನೇರಳೆ ಎಷ್ಟು ಗಾಢವೋ ಬದುಕಿದ ಕೋಶ ಅಷ್ಟು ಎಂದು ಲೆಕ್ಕ. ಆದರೆ ಗಿಡದ ಸಾರದಲ್ಲಿರುವ ಪಾಲಿಫೀನಾಲ್‌ಗಳು ಕೋಶವೇ ಇಲ್ಲದೆ ಆ ಪುಡಿಯನ್ನು ನೇರಳೆ ಮಾಡಬಲ್ಲವು. ಮೇಲಿಂದ ಪುನರ್ಪುಳಿಯ ಕೆಂಪು ಬಣ್ಣ ಬೇರೆ ಯಂತ್ರದ ಓದುವಿಕೆಗೆ ಅಡ್ಡ ಬರುತ್ತದೆ. ಆಗ ಸತ್ತ ಕೋಶವೂ ಬದುಕಿದ ಹಾಗೆ ಕಾಣುತ್ತದೆ. ಅದೇ ಪಾಲಿಫೀನಾಲ್‌ಗಳು ಮೀಡಿಯಾದಲ್ಲಿ ಗಾಳಿಯೊಂದಿಗೆ ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುವುದೂ ಉಂಟು. ಕೋಶ ಅದರಿಂದ ಸತ್ತಿರುತ್ತದೆ, ಹೆಸರು ಗಿಡಕ್ಕೆ. ಅದಕ್ಕೇ ಕೋಶ ಇಲ್ಲದ ಬಾವಿಗಳಲ್ಲೂ (ಪರೀಕ್ಷೆಯ ತಟ್ಟೆಯಲ್ಲಿರುವ ಸಣ್ಣ ಗುಳಿಗಳು) ಸಾರ ಹಾಕಿ ನೋಡಿದ್ದಾರಾ, ಪುಡಿ ಹಾಕುವ ಮುಂಚೆ ತೊಳೆದಿದ್ದಾರಾ, ಕ್ಯಾನ್ಸರ್ ಅಲ್ಲದ ಕೋಶಗಳೂ ಸತ್ತವಾ, ಬೇರೆ ವಿಧಾನದಲ್ಲಿ ಎಣಿಸಿದ್ದಾರಾ ಎಂದು ಯಾವ ಲೇಖನ ಕಂಡರೂ ನಾನು ಮೊದಲು ಹುಡುಕುತ್ತೇನೆ. ಮುಕ್ಕಾಲುಪಾಲಿಗೆ ನನ್ನ ಉತ್ಸಾಹ ಅಲ್ಲೇ ಇಳಿಯುತ್ತದೆ.

ಇನ್ನು ಪ್ರಮಾಣ. ಒಂದು ಮಿಲಿ ಮೀಡಿಯಾಕ್ಕೆ 100 ಮೈಕ್ರೋಗ್ರಾಂ ಹಾಕಿದರೆ ಕೋಶ ಸಾಯುತ್ತದೆ ಎಂದುಕೊಳ್ಳಿ. ಭಾವನ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಅಷ್ಟೇ ಸಾಂದ್ರತೆ ಬರಬೇಕಾದರೆ ಅರ್ಧ ಗ್ರಾಂ ಶುದ್ಧ ಅಂಶ ಒಂದೇ ಹೊತ್ತಿಗೆ ರಕ್ತದಲ್ಲಿ ಇರಬೇಕು. ಕುಡಿದದ್ದು ಹಾಗೆ ರಕ್ತಕ್ಕೆ ಸೇರುವುದಿಲ್ಲ. "ಕರುಳಿಗೆ ನೇರ ತಾಗುತ್ತದಲ್ಲ" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಹೊಟ್ಟೆಯ ಆಮ್ಲ, ಸಣ್ಣ ಕರುಳು, ಅಲ್ಲಿನ ಬ್ಯಾಕ್ಟೀರಿಯಾ ಎಲ್ಲ ದಾಟಿ ದೊಡ್ಡ ಕರುಳಿಗೆ ಬರುವಾಗ ಅದು ಅದೇ ಪದಾರ್ಥವಾಗಿ ಉಳಿದಿರುವುದಿಲ್ಲ.

ಗಟ್ಟಿ ಕಷಾಯ ಬೇಡ. ಕೀಮೋ ನಡೆಯುವಾಗ ಯಾವುದನ್ನೇ ಆಗಲಿ ಸಾಂದ್ರ ಮಾಡಿ ಕೊಡುವ ಮುಂಚೆ ಅವರ ಡಾಕ್ಟರನ್ನು ಕೇಳಿ. ಬೇಸಿಗೆಯಲ್ಲಿ ಒಂದು ಲೋಟ ಪುನರ್ಪುಳಿ ಶರಬತ್ತು ಕುಡಿಯಲು ಆಸೆಯಾದರೆ ಅದನ್ನೂ ಅವರಲ್ಲೇ ಹೇಳಿ, ಸಾಮಾನ್ಯವಾಗಿ ಬೇಡ ಎನ್ನಲಿಕ್ಕಿಲ್ಲ. ಕೀಮೋ ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ.

ಪ್ರಶ್ನೆ: ಕೋಶ ಬೆಳೆಸಲು ಕರುವಿನ ರಕ್ತ ಬೇಕಂತೆ. ಹೌದಾ? ಮೊಮ್ಮಗ ಅದೇ ಕೆಲಸಕ್ಕೆ ಸೇರಿದ್ದಾನೆ, ಮನೆಯಲ್ಲಿ ಬಾಯಿ ಬಿಡುವುದಿಲ್ಲ.
— ರಥಬೀದಿಯ ಒಬ್ಬ ಓದುಗರು, ಉಡುಪಿ

ಉತ್ತರ: ಹೌದು. ಮುಚ್ಚಿಡುವುದು ಯಾಕೆ? ಕಸಾಯಿಖಾನೆಗೆ ಬಂದ ಗಬ್ಬದ ಹಸುವಿನ ಹೊಟ್ಟೆಯಲ್ಲಿರುವ ಕರುವಿನ ರಕ್ತದಿಂದ ತೆಗೆದ ಸೀರಂ ಅದು. ಮೀಡಿಯಾಕ್ಕೆ 10%ದಷ್ಟು ಹಾಕುತ್ತೇವೆ, ಕ್ಯಾಕೋ-2ಕ್ಕೆ 20%. ಕೋಶ ಬೆಳೆಯಲು, ತಳಕ್ಕೆ ಅಂಟಿಕೊಳ್ಳಲು ಬೇಕಾದ್ದೆಲ್ಲ ಅದರಲ್ಲಿ ಇರುತ್ತದೆ. ನನಗೂ ಅದು ಇಷ್ಟದ ವಿಷಯವಲ್ಲ. ಸೀರಂ ಇಲ್ಲದ ಮೀಡಿಯಾಗಳು ಬಂದಿವೆ, ಮನುಷ್ಯರ ಪ್ಲೇಟ್‌ಲೆಟ್‌ನಿಂದ ಮಾಡಿದ ಬದಲಿಯೂ ಇದೆ. ದುಬಾರಿ, ಮತ್ತು ಎಲ್ಲ ಕೋಶಗಳೂ ಒಗ್ಗುವುದಿಲ್ಲ. ಮೊಮ್ಮಗನಿಗೆ ಮನಸ್ಸಿದ್ದರೆ ಗೈಡ್ ಹತ್ತಿರ ಈ ಮಾತು ಎತ್ತಲಿ. ಮನೆಯಲ್ಲೂ ಬಾಯಿ ಬಿಡಲಿ, ನೀವು ಕೇಳಿದ ರೀತಿ ನೋಡಿದರೆ ಬೈಯುವವರ ಹಾಗೆ ಕಾಣುವುದಿಲ್ಲ.

ಪ್ರಶ್ನೆ: ಮಳೆಗಾಲ ಶುರುವಾದರೆ ನಮ್ಮ ಫ್ಲಾಸ್ಕ್‌ಗಳಿಗೆ ಫಂಗಸ್. ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ ಜಾಸ್ತಿ ಹಾಕಿದರೂ ನಿಲ್ಲುವುದಿಲ್ಲ. ಕರೆಂಟೂ ಹೋಗುತ್ತಿರುತ್ತದೆ. ಏನಾದರೂ ಉಪಾಯ?
— ಲ್ಯಾಬ್ ಟೆಕ್ನೀಷಿಯನ್, ಮಂಗಳೂರು

ಉತ್ತರ: ನೀವು ಹಾಕಿದ ಎರಡೂ ಬ್ಯಾಕ್ಟೀರಿಯಾಕ್ಕೆ. ಫಂಗಸ್‌ಗೆ ಅವುಗಳ ಹೆದರಿಕೆಯೇ ಇಲ್ಲ. ಆಂಫೊಟೆರಿಸಿನ್ ಹಾಕಿದರೆ ಫಂಗಸ್ ಜೊತೆಗೆ ಕೋಶಕ್ಕೂ ಪೆಟ್ಟು. ಫ್ಲಾಸ್ಕಿನಲ್ಲಿ ಹತ್ತಿಯ ಹಾಗೆ ಬಿಳಿ ಎಳೆ ಕಂಡರೆ ಉಳಿಸುವ ಆಸೆ ಬಿಡಿ. ಮುಚ್ಚಳ ತೆರೆಯಲೇಬೇಡಿ, ತೆರೆದರೆ ಬೀಜಕಣ ಇಡೀ ಕೋಣೆಗೆ. ಹಾಗೆಯೇ ಆಟೋಕ್ಲೇವ್‌ಗೆ ಹಾಕಿ, 121 ಡಿಗ್ರಿ. ದ್ರವ ಸಾರಜನಕದಲ್ಲಿ ಇಟ್ಟ ಕೋಶದ ಹಳೆಯ ವಯಲ್ (ಸಣ್ಣ ಸೀಸೆ) ಇದ್ದರೆ ಅದನ್ನು ಕರಗಿಸಿ ಹೊಸದಾಗಿ ಶುರು ಮಾಡಿ.

ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೂ ಬೂಷ್ಟು ಹಿಡಿಯುತ್ತದೆ, ಚಪ್ಪಲಿಗೂ ಹಿಡಿಯುತ್ತದೆ. ಹಾಗಾಗಿ ತಪ್ಪು ಹುಡುಕುವುದಾದರೆ ಹುಡ್‌ನೊಳಗೆ (ಸೋಸಿದ ಗಾಳಿ ಹಾಯುವ ಕೆಲಸದ ಪೆಟ್ಟಿಗೆ) ಹುಡುಕಬೇಡಿ, ಕೋಣೆಯಲ್ಲಿ ಹುಡುಕಿ. ರಟ್ಟಿನ ಪೆಟ್ಟಿಗೆಗಳು ಕಲ್ಚರ್ ಕೋಣೆಯಲ್ಲಿ ಇವೆಯಾ? ಇವತ್ತೇ ಹೊರಗೆ ಹಾಕಿ, ಮಳೆಗಾಲದಲ್ಲಿ ಫಂಗಸ್‌ಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ. ಒದ್ದೆ ಕೊಡೆ, ಒದ್ದೆ ಚಪ್ಪಲಿ ಬಾಗಿಲಿನ ಹೊರಗೆ. ಏಸಿಯ ಫಿಲ್ಟರ್ ಯಾವಾಗ ತೊಳೆದದ್ದು ಎಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ, ಮಳೆ ಶುರುವಾಗುವ ಮುಂಚೆ ತೊಳೆಸಿ. ಇನ್ಕ್ಯುಬೇಟರ್‌ನ ತಳದಲ್ಲಿ ತೇವಕ್ಕೆ ಇಡುವ ನೀರಿನ ತಟ್ಟೆಯನ್ನು ವಾರಕ್ಕೊಮ್ಮೆ ತೊಳೆದು ಸ್ಟೆರೈಲ್ ಡಿಸ್ಟಿಲ್ಡ್ ವಾಟರ್ ಹಾಕಿ. ಒರೆಸಲು 70% ಆಲ್ಕೋಹಾಲ್ ಸಾಕು. ಜಾಸ್ತಿ ಇದ್ದರೆ ಒಳ್ಳೆಯದು ಎಂದು ಶುದ್ಧ ಆಲ್ಕೋಹಾಲ್ ಬಳಸುವವರಿದ್ದಾರೆ, ಅದು ಕೆಲಸ ಮಾಡುವ ಮುಂಚೆಯೇ ಆರಿಹೋಗುತ್ತದೆ.

ಕರೆಂಟ್ ಹೋದಾಗ ಇನ್ಕ್ಯುಬೇಟರ್ ಬಾಗಿಲು ತೆರೆದು "ಬಿಸಿ ಉಂಟಾ" ಎಂದು ನೋಡುವವರೇ ಅದನ್ನು ತಣ್ಣಗೆ ಮಾಡುವುದು. ಮುಚ್ಚಿಯೇ ಇರಲಿ. ಹುಡ್‌ನಲ್ಲಿ ಕೆಲಸ ಮಾಡುವಾಗ ಗಾಳಿ ನಿಂತರೆ ತಕ್ಷಣ ಎಲ್ಲ ಮುಚ್ಚಳ ಹಾಕಿ. ದ್ರವ ಸಾರಜನಕದ ಡಬ್ಬಕ್ಕೆ ಕರೆಂಟ್ ಬೇಡ, ಆದರೆ ಅದು ಆವಿಯಾಗುತ್ತಲೇ ಇರುತ್ತದೆ. ಮಟ್ಟ ಅಳೆದು ಮಳೆಗೆ ಮುಂಚೆ ತುಂಬಿಸಿಡಿ.

ಪ್ರಶ್ನೆ: ಮಣಿಪಾಲದ ಗೆಳತಿ ಎಚ್‌ಸಿಟಿ-116 ಒಂದು ಫ್ಲಾಸ್ಕ್ ಕೊಡುತ್ತೇನೆ ಎಂದಿದ್ದಾಳೆ. ಸುಮ್ನೆ ಪುಣೆಗೆ ದುಡ್ಡು ಕಟ್ಟುವುದು ಯಾಕೆ ಎನ್ನುತ್ತಾರೆ ನಮ್ಮ ಸರ್. ಮಂಗಳೂರಿಗೆ ಬಸ್ಸಿನಲ್ಲಿ ತರಬಹುದಾ? ಐಸ್ ಬೇಕಾ?
— ಸಂಶೋಧನಾ ವಿದ್ಯಾರ್ಥಿ, ಸುರತ್ಕಲ್

ಉತ್ತರ: ಸರ್‌ಗೆ ದುಡ್ಡಿನ ಚಿಂತೆ, ನನಗೆ ಗುರುತಿನ ಚಿಂತೆ. ವೈಡರ್ ಎಂಬ ಸೆಲ್ ಲೈನ್ ಬೇರೆಯೇ ರೋಗಿಯದ್ದು ಎಂದು ವರ್ಷಗಟ್ಟಲೆ ಬಳಸಿದರು. ಡಿಎನ್‌ಎ ನೋಡಿದರೆ ಅದು ಎಚ್‌ಟಿ-29. ಡಿಎಲ್‌ಡಿ-1 ಮತ್ತು ಎಚ್‌ಸಿಟಿ-15 ಎರಡೂ ಒಬ್ಬನದ್ದೇ ಎಂದು ಆಮೇಲೆ ಗೊತ್ತಾಯಿತು. ಎರಡರಲ್ಲೂ ಒಂದೇ ಫಲಿತಾಂಶ ಬಂತು ಎಂದು ಖುಷಿಪಟ್ಟವರು ಎಷ್ಟಿದ್ದರೋ! ಫ್ಲಾಸ್ಕಿನ ಮೇಲೆ ಪೆನ್ನಿನಲ್ಲಿ ಬರೆದ ಹೆಸರು ಸಾಕ್ಷಿಯಲ್ಲ.

ಹಾಗಾಗಿ ಪುಣೆಯ ನ್ಯಾಷನಲ್ ಸೆಂಟರ್ ಫಾರ್ ಸೆಲ್ ಸೈನ್ಸ್‌ನಿಂದ ತರಿಸುವುದೇ ನನ್ನ ಸಲಹೆ. ಗೆಳತಿಯದ್ದೇ ತರುವುದಾದರೆ ಎಸ್‌ಟಿಆರ್ ಪರೀಕ್ಷೆ ಮಾಡಿಸಿ. ಅಪರಾಧ ಪ್ರಕರಣಗಳಲ್ಲಿ ಮನುಷ್ಯರನ್ನು ಗುರುತಿಸುವ ಡಿಎನ್‌ಎ ಪರೀಕ್ಷೆಯೂ ಇದೇ ಜಾತಿಯದ್ದು. ಎಚ್‌ಸಿಟಿ-116ರಲ್ಲಿ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆಯೇ ಕೆಟ್ಟಿದೆ, ಆದ್ದರಿಂದ ರಿಪೋರ್ಟ್‌ನಲ್ಲಿ ಒಂದೆರಡು ಅಂಕಿ ಆಚೀಚೆ ಇದ್ದರೆ ಗಾಬರಿ ಬೇಡ. ಅದೇ ಕಾರಣಕ್ಕೆ ಅದನ್ನು ಕೊನೆಯಿಲ್ಲದೆ ಪ್ಯಾಸೇಜ್ ಮಾಡುತ್ತಾ ಹೋಗುವುದೂ ಬೇಡ. ಎಷ್ಟನೆಯ ಪ್ಯಾಸೇಜ್ ಎಂದು ಗೆಳತಿಯನ್ನು ಕೇಳಿ. "ಗೊತ್ತಿಲ್ಲ" ಎಂದರೆ ತರಲೇಬೇಡಿ.

ಬಸ್ಸಿನಲ್ಲಿ ತರುವ ಮೊದಲು ಎರಡೂ ಕಡೆಯ ಗೈಡ್‌ಗಳ ಪತ್ರ, ನಿಮ್ಮ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು. ಡಿಪಾರ್ಟ್‌ಮೆಂಟಿನ ಗಾಡಿ ಸಿಕ್ಕಿದರೆ ಇನ್ನೂ ಒಳ್ಳೆಯದು. ಐಸ್ ಬೇಡ. ಫ್ಲಾಸ್ಕಿಗೆ ಕುತ್ತಿಗೆವರೆಗೆ ಮೀಡಿಯಾ ತುಂಬಿಸಿ, ಇಲ್ಲದಿದ್ದರೆ ಅಲುಗಾಟಕ್ಕೆ ಮೀಡಿಯಾ ಹೊಯ್ದಾಡಿ ಕೋಶ ಕಿತ್ತುಹೋಗುತ್ತದೆ. ಫಿಲ್ಟರ್ ಇಲ್ಲದ ಮುಚ್ಚಳ ಬಿಗಿದು, ಪ್ಯಾರಾಫಿಲ್ಮ್ ಸುತ್ತಿ, ಹೀರುವ ಕಾಗದದೊಂದಿಗೆ ಜಿಪ್ ಕವರಿಗೆ ಹಾಕಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿಡಿ. ಎಕ್ಸ್‌ಪ್ರೆಸ್ ಬಸ್ಸಿನವರು ಪಡುಬಿದ್ರಿಯಿಂದ ಮುಲ್ಕಿಗೆ ಹೇಗೆ ಹೋಗುತ್ತಾರೆ ಎಂದು ಗೊತ್ತಲ್ಲ, ಪೆಟ್ಟಿಗೆ ತೊಡೆಯ ಮೇಲೆ ಇರಲಿ. ಡ್ರೈ ಐಸ್ ಹಾಕಿದ ಪೆಟ್ಟಿಗೆಯನ್ನು ಮಾತ್ರ ಮುಚ್ಚಿದ ಏಸಿ ಬಸ್ಸಿಗೆ ಹತ್ತಿಸಬೇಡಿ, ಗ್ಯಾಸ್ ತುಂಬಿದರೆ ಅಪಾಯ.

ತಲುಪಿದ ಮೇಲೆ ಒಂದಷ್ಟು ಕೋಶ ತೇಲುತ್ತಿದ್ದರೆ ಹೆದರಬೇಡಿ, ರಾತ್ರಿಯಿಡೀ 37 ಡಿಗ್ರಿಯಲ್ಲಿ ಸುಮ್ಮನಿರಲಿ. ಮರುದಿನ ಹೆಚ್ಚಿನ ಮೀಡಿಯಾ ತೆಗೆಯಿರಿ, ಟಿ-25 ಫ್ಲಾಸ್ಕಿಗೆ 5 ಮಿಲಿ ಸಾಕು. ಆಮೇಲೆ ಆ್ಯಂಟಿಬಯೋಟಿಕ್ ಇಲ್ಲದ ಮೀಡಿಯಾದಲ್ಲಿ ಒಂದೆರಡು ವಾರ ಬೆಳೆಸಿ ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ ಉಂಟಾ ಎಂದು ಪಿಸಿಆರ್ (ಅದರ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿಸಿ. ಅದು ಮೀಡಿಯಾವನ್ನು ಕದಡುವುದಿಲ್ಲ, ನಮ್ಮ ಮಾಮೂಲಿ ಮೈಕ್ರೋಸ್ಕೋಪಿಗೆ ಕಾಣುವುದಿಲ್ಲ, ಕೋಶಭಿತ್ತಿ ಇಲ್ಲದ ಕಾರಣ ಪೆನಿಸಿಲಿನ್‌ಗೆ ಬಗ್ಗುವುದೂ ಇಲ್ಲ. ಒಂದು ಫ್ಲಾಸ್ಕಿನಿಂದ ಇಡೀ ಇನ್ಕ್ಯುಬೇಟರ್‌ಗೆ ಹರಡುತ್ತದೆ. ರಿಪೋರ್ಟ್ ಬರುವವರೆಗೆ ಈ ಫ್ಲಾಸ್ಕಿಗೆ ಬೇರೆ ಮೀಡಿಯಾ ಬಾಟಲಿ, ಬೇರೆ ಟ್ರಿಪ್ಸಿನ್ (ಕೋಶಗಳನ್ನು ತಳದಿಂದ ಬಿಡಿಸುವ ದ್ರಾವಣ). ನಿಮ್ಮ ಹಳೆಯ ಕೋಶಗಳ ಕೆಲಸ ಬೆಳಿಗ್ಗೆ ಮುಗಿಸಿ, ಇದನ್ನು ದಿನದ ಕೊನೆಗೆ ತೆರೆಯಿರಿ. ರಿಪೋರ್ಟ್ ಸರಿ ಬಂದ ದಿನ ಪ್ರಯೋಗಕ್ಕೆ ಓಡಬೇಡಿ. ಮೊದಲು 10% ಡಿಎಂಎಸ್‌ಒ ಹಾಕಿ ಒಂದಷ್ಟು ವಯಲ್ ಫ್ರೀಜ್ ಮಾಡಿ, ಪ್ಯಾಸೇಜ್ ಸಂಖ್ಯೆ, ತಾರೀಕು ಎರಡನ್ನೂ ಬರೆದಿಡಿ.